ಚಲುವಣ್ಣನ ಒಂಬತ್ತನೇ ಬ್ರೇಕು

ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಆಚೆ ಹೋಗೋದು ಚಲುವಣ್ಣನ ಹಳೇ ಚಾಳಿ. ಮದುವೆ ಮನೆ ಆಗ್ಲಿ, ತಿಥಿ ಮನೆ ಆಗ್ಲಿ, ಎಲೆ ಮೇಲೆ ಮುದ್ದೆ ಹಂಗೇ ಇರುತ್ತೆ, ಇವನು ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳ್ತಾ ಇರ್ತಾನೆ. ಎಲ್ಲೋ ದೂರದಲ್ಲಿ ಕಬ್ಬು ತುಂಬಿದ ಟ್ರಾಕ್ಟರು ದಿಣ್ಣೆ ಇಳೀತಾ ಇರುತ್ತೆ. ಅದು ಇಳಿದು, ಸಮಕ್ಕೆ ಬಂದು, ಡ್ರೈವರು ಗೇರು ಬದಲಾಯಿಸಿದ ಸದ್ದು ಕೇಳೋವರೆಗೂ ಒಳಗೆ ಬರಲ್ಲ. ಬಂದು ಕೂರೋ ಹೊತ್ತಿಗೆ ಸಾರು ಆರಿರುತ್ತೆ. ಬಡಿಸೋರು ಬೈಕೊಂಡೇ ಇನ್ನೊಂದು ಸೌಟು ಹಾಕ್ತಾರೆ.

ಕೊಪ್ಪದ ಜನ ಅವನಿಗೆ ಬ್ರೇಕ್ ಗೌಡ ಅಂತ ಹೆಸರಿಟ್ಟಿದಾರೆ. ನಲವತ್ತು ಎಕರೆ ಜಮೀನು, ರೈಸ್ ಮಿಲ್ಲು, ಎರಡು ಆಲೆಮನೆ, ಮದ್ದೂರಲ್ಲಿ ಅಂಗಡಿ ಸಾಲು, ಇಷ್ಟಕ್ಕೂ ಚಲುವರಾಜು ಒಬ್ಬನೇ ಹಕ್ಕುದಾರ. ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ರೂ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ. ಅಂಥವನು ಗ್ರೀಸ್ ಮೆತ್ತಿದ ಪಂಚೆ ಎತ್ತಿ ಕಟ್ಕೊಂಡು ಟ್ರೈಲರಿನ ಅಡಿ ಅಂಗಾತ ಮಲಗಿರ್ತಾನೆ, ಮುಖದ ಮೇಲೆಲ್ಲ ತುಕ್ಕು ಉದುರ್ತಾ ಇರುತ್ತೆ. ನೋಡಿದೋರು ನಗ್ತಾರೆ. ನಾನೂ ನಕ್ಕಿದೀನಿ, ಸುಳ್ಯಾಕೆ ಹೇಳ್ಲಿ.

ನಾನು ನಾಗಶ್ರೀ. ಅವರ ಮನೆಗೆ ಹತ್ತೊಂಬತ್ತು ವರ್ಷ ಟ್ರಾಕ್ಟರು ಓಡಿಸಿದ ಮರಿಸಿದ್ದಯ್ಯನ ಮಗಳು. ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತೀನಿ. ದಿನಾ ಎಂಟು ಗಂಟೆ ಕಬ್ಬಿಣದ ಬಿಡಿಭಾಗಗಳ ಅಳತೆ ನೋಡಿ, ಸರಿ ಇದ್ದದ್ದು ಈ ಕಡೆ, ಕೆಟ್ಟದ್ದು ಆ ಕಡೆ. ಕೂದಲೆಳೆ ವ್ಯತ್ಯಾಸ ಇದ್ರೂ ಬಿಡಲ್ಲ, ಅದಕ್ಕೇ ಸೂಪರ್‌ವೈಸರು ನನ್ನ ಕಂಡ್ರೆ ಹುಷಾರಾಗಿರ್ತಾನೆ. ಅಷ್ಟು ದೊಡ್ಡ ಮನುಷ್ಯನ್ನ ಅವನು ಇವನು ಅಂತೀಯಲ್ಲ ಅಂತ ಕೆಲವರು ನನಗೆ ಬುದ್ಧಿ ಹೇಳೋಕೆ ಬರ್ತಾರೆ. ನಮ್ಮವ್ವ ಪಟ್ಟಲಮ್ಮ ಇವತ್ತಿಗೂ ಚಿಕ್ಕಗೌಡ್ರು ಅಂತಾಳೆ, ಅದು ಅವಳ ಕಾಲದ್ದು. ನಾನು ಅಣ್ಣ ಅಂತೀನಿ, ಅಣ್ಣನ್ನ ಕರೆಯೋ ಹಂಗೇ ಕರೀತೀನಿ.

ಮೊದಲು ಒಂದು ವಿಷಯ ಹೇಳ್ಬೇಕು. ಟ್ರಾಕ್ಟರಿಗೆ ಬ್ರೇಕ್ ಇರುತ್ತೆ, ಹಿಂದೆ ಕಟ್ಟೋ ಟ್ರೈಲರಿಗೆ ಇರಲ್ಲ. ನಮ್ಮ ಕಡೆ ಕಬ್ಬು ಹೊಡೆಯೋ ಟ್ರೈಲರುಗಳೆಲ್ಲ ಹಂಗೇ. ಸಮ ರಸ್ತೆಯಲ್ಲಿ ಏನೂ ಗೊತ್ತಾಗಲ್ಲ. ಇಳಿಜಾರಿಗೆ ಬಂದ್ರೆ ಹಿಂದಿನ ಎಂಟು ಟನ್ ಕಬ್ಬು ಮುಂದಿನ ಟ್ರಾಕ್ಟರನ್ನ ತಳ್ಳೋಕೆ ಶುರು ಮಾಡುತ್ತೆ. ಡ್ರೈವರು ಬ್ರೇಕ್ ತುಳಿದಷ್ಟೂ ಟ್ರೈಲರು ಮೈಮೇಲೆ ಬರುತ್ತೆ. ಇದು ಎಲ್ಲರಿಗೂ ಗೊತ್ತು, ಯಾರೂ ತಲೆ ಕೆಡಿಸ್ಕೊಳ್ಳಲ್ಲ.

ಚಲುವಣ್ಣನೂ ಕೆಡಿಸ್ಕೊಂಡಿರ್ಲಿಲ್ಲ. ಇಪ್ಪತ್ತಾರರ ವಯಸ್ಸಲ್ಲಿ ಅವನ ಅವತಾರ ನೋಡ್ಬೇಕಿತ್ತು ನೀವು. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದ್ತೀನಿ ಅಂತ ಹೋಗಿ, ಎರಡು ವರ್ಷಕ್ಕೆ ಸಾಕು ಅಂತ ವಾಪಸ್ ಬಂದಿದ್ದ. ತೆರೆದ ಜೀಪು, ಅದರ ಸೈಲೆನ್ಸರ್ ಬೇರೆ ಕೀಳಿಸಿದ್ದ, ಊರಿಗೆಲ್ಲ ಕೇಳೋ ಹಂಗೆ ಓಡಾಡ್ತಿದ್ದ. ನಮ್ಮಪ್ಪ ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವನು, ಆದರೂ ಇವನು ಅಪ್ಪನ್ನ ಮರಿಸಿದ್ದ ಅಂತಿದ್ದ, ಅಪ್ಪ ಇವನನ್ನ ಧಣಿಗೆ ಅನ್ನೋ ಹಂಗೆ ಬುದ್ಧಿ ಅಂತಿದ್ದ. ಆಗ ನಂಗೆ ಹತ್ತು ವರ್ಷ. ನನಗೆ ಅದು ಆಗಲೇ ಮೈ ಉರೀತಿತ್ತು.

ಎರಡು ಸಾವಿರದ ಎಂಟನೇ ಇಸವಿ, ಡಿಸೆಂಬರು. ದಿಣ್ಣೆ ಮೇಲಿನ ಹೊಲದಲ್ಲಿ ಕಬ್ಬು ತುಂಬಿದ್ರು. ಮೋಡ ಕಟ್ಟಿತ್ತು, ಕೆಳಗೆ ಆಲೆಮನೆಯಲ್ಲಿ ಗಾಣ ಕಾಯ್ತಿತ್ತು. ಅಪ್ಪ ಲೋಡು ನೋಡಿ, ಜಾಸ್ತಿ ಆಯ್ತು, ಅರ್ಧ ಇಳಿಸೋಣ ಅಂದನಂತೆ. ಚಲುವಣ್ಣ, ಏನೂ ಆಗಕಿಲ್ಲ ಬುಡು, ನಾನೂ ಬತ್ತೀನಿ ನಡಿ ಅಂತ ಮಡ್ಗಾರ್ಡ್ ಮೇಲೆ ಹತ್ತಿ ಕೂತ್ಕೊಂಡ. ಆ ದಾರಿ ದಿಣ್ಣೆಯಿಂದ ನೇರ ಇಳಿದು ನಾಲೆ ದಡದಲ್ಲಿ ಗಕ್ಕನೆ ಬಲಕ್ಕೆ ತಿರುಗುತ್ತೆ. ತಿರುಗದಿದ್ರೆ ಮುಂದೆ ನೀರು. ಅವತ್ತು ತಿರುಗಲಿಲ್ಲ. ಚಲುವಣ್ಣ ಹಾರಿಕೊಂಡ. ಅಪ್ಪನ್ನ ಮಾರನೇ ದಿನ ಕ್ರೇನ್ ತರಿಸಿ ಎತ್ತಿದ್ರು.

ಗೌಡರ ಮಗ ತನ್ನ ಜೀವ ನೋಡ್ಕೊಂಡ, ಡ್ರೈವರನ್ನ ಬಿಟ್ಟು ಹಾರಿದ ಅಂತ ಊರೆಲ್ಲ ಮಾತಾಡ್ತು. ಅವನು ಅಲ್ಲ ಅನ್ನಲಿಲ್ಲ, ಹೌದು ಅಂತಾನೂ ಅನ್ನಲಿಲ್ಲ. ತಿಥಿ ಆದ ಮೇಲೆ ನಮ್ಮ ಬೀದಿಗೆ ಬಂದು ಮನೆ ಮುಂದೆ ನಿಂತ. ಅವ್ವ ಹೊಸ್ತಿಲ ಒಳಗೆ ಇದ್ದಳು. ಕೂತ್ಕೊಳಿ ಅನ್ನಲಿಲ್ಲ, ಹೋಗಿ ಅಂತಾನೂ ಅನ್ನಲಿಲ್ಲ. ಅರ್ಧ ಗಂಟೆ ನಿಂತು ಹೋದ. ಆಮೇಲೆ ಪ್ರತಿ ವರ್ಷ ಅಪ್ಪ ಸತ್ತ ದಿನ ಬಂದು ಅದೇ ಜಾಗದಲ್ಲಿ ನಿಲ್ತಿದ್ದ. ಹದಿನಾರು ವರ್ಷ ನಿಂತಿದಾನೆ. ಅವ್ವ ಒಂದು ಸಲವೂ ಕೂರಿಸಲಿಲ್ಲ. ನಮ್ಮ ಮನೆಯಲ್ಲಿ ಕೂರೋದು ಅವರ ಮನೇಲಿ ನಡೆಯೋ ಮಾತೂ ಅಲ್ಲ ಬಿಡಿ. ಆದರೆ ಅವ್ವ ಕೂರಿಸದೇ ಇದ್ದದ್ದು ಅದಕ್ಕಲ್ಲ.

ಜೀಪು ಮಾರಿದ. ರೈಸ್ ಮಿಲ್ಲಿನ ಅರ್ಧ ಭಾಗದಲ್ಲಿ ಲೇತು, ವೆಲ್ಡಿಂಗು ಹಾಕಿಸ್ಕೊಂಡ. ಅವರಪ್ಪ ದೊಡ್ಡಗೌಡ್ರು ಬಾಯಿಗೆ ಬಂದಂಗೆ ಬೈದ್ರು, ಮಿಲ್ಲಿಗೆ ಬೀಗ ಜಡಿದ್ರು, ಇವನು ಹಿಂದಿನ ಗೋಡೆ ಒಡೆದು ಬಾಗಿಲು ಮಾಡ್ಕೊಂಡ. ದೊಡ್ಡಗೌಡ್ರು ಕಣ್ಣು ಮುಚ್ಚೋವರೆಗೂ ಅಪ್ಪ ಮಗ ಮುಖ ಕೊಟ್ಟು ಮಾತಾಡ್ಲಿಲ್ಲ. ಮಳವಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಹೆಣ್ಣಿನ ಅಪ್ಪ ಬಂದು ಕೂತ್ರೆ, ಇವನು ಟ್ರೈಲರಿನ ಅಡಿಯಿಂದ ಎದ್ದು ಬಂದು, ನಿಮ್ಮೂರ ಇಳಿಜಾರಲ್ಲಿ ಕಬ್ಬಿನ ಗಾಡಿ ಹೆಂಗೆ ಇಳೀತವೆ ಅಂತ ವಿಚಾರಿಸಿದ. ಅವರು ಕಾಫಿ ಕುಡಿದು ಹೋದೋರು ಮತ್ತೆ ಬರಲಿಲ್ಲ. ಅವನ ತಾಯಿ ಮಲ್ಲಿಗಮ್ಮನೋರು ಆವತ್ತಿಂದ ಹೆಣ್ಣು ಹುಡುಕೋದು ಬಿಟ್ಟು ದೇವರಿಗೆ ಹರಕೆ ಹೊರೋಕೆ ಶುರು ಮಾಡಿದ್ರು.

ಅವನಿಗೆ ಬೇಕಿದ್ದದ್ದು ಒಂದೇ. ಟ್ರೈಲರು ಮುಂದಕ್ಕೆ ತಳ್ಳಿದ್ರೆ, ಆ ತಳ್ಳೋ ಬಲದಲ್ಲೇ ಅದರ ಚಕ್ರ ಹಿಡೀಬೇಕು. ಡ್ರೈವರು ಏನೂ ಮಾಡೋದು ಬೇಡ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಇಂಥದ್ದು ಎಂದೋ ಇದೆಯಂತೆ, ಆದರೆ ನಮ್ಮ ಗುಂಡಿ ರಸ್ತೆಗೆ, ನಮ್ಮ ಹೊರೆಗೆ, ನಮ್ಮೂರ ಲೇತಿನವನು ರಿಪೇರಿ ಮಾಡೋ ಹಂಗೆ ಇಲ್ಲ. ಮಂಡ್ಯದ ಗುಜರಿಯಿಂದ ಹಳೇ ಲಾರಿಯ ಬ್ರೇಕ್ ಡ್ರಮ್ಮು ತಂದ. ಹೊಳಲಿನ ಒಬ್ಬ ಲೇತಿನವನ ಹತ್ರ ಕೂತು ಕೊರೆಸಿದ.

ಮೊದಲನೇ ಬ್ರೇಕು ಹಿಡೀತು, ಆದರೆ ಬಿಡಲಿಲ್ಲ. ಡೈರಿ ಮುಂದೆ ಹಾಲು ಹಾಕೋ ಹೊತ್ತಲ್ಲಿ ಟ್ರೈಲರು ರಸ್ತೆಗೆ ಅಡ್ಡ ನಿಂತು, ಕ್ಯಾನು ಹಿಡಿದ ಹೆಂಗಸರೆಲ್ಲ ಅವನ ಮೂರು ತಲೆಮಾರು ಬೈದ್ರು. ಎರಡನೇದು ಹಿಡೀಲೇ ಇಲ್ಲ, ಮಿಲ್ಲಿನ ಕಾಂಪೌಂಡು ಹೋಯ್ತು. ಮೂರನೇದು ಕಾದು ಹೊಗೆ ಎದ್ದು, ಮೇಲಿದ್ದ ಕಬ್ಬಿನ ಸೋಗೆಗೆ ಬೆಂಕಿ ಹತ್ತಿತು. ಎಲ್ಲಾ ಸಲವೂ ಸೀಟಿನ ಮೇಲೆ ಅವನೇ. ಬೇರೆ ಯಾರನ್ನೂ ಹತ್ತೋಕೆ ಬಿಡ್ತಿರ್ಲಿಲ್ಲ. ಕೈಯಲ್ಲಿ ಎರಡು ಬೆರಳು ಮಡಚಲ್ಲ ಈಗ. ಕೇಳಿದ್ರೆ ಆರನೇ ಬ್ರೇಕು ಅಂತಾನೆ.

ನಾನು ಪಾಲಿಟೆಕ್ನಿಕ್ ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಒಂದು ಭಾನುವಾರ ಬಂದ. ಕ್ಯಾಲೆಂಡರಿನ ಹಾಳೆ ಹಿಂದೆ ಪೆನ್ಸಿಲಲ್ಲಿ ಗೀಚಿದ ಚಿತ್ರ ಕೈಯಲ್ಲಿ. ಅಳತೆ ಸರಿಯಿದೆಯಾ ನೋಡ್ಕೊಡು ಅಂದ. ನನಗೆ ಎಲ್ಲಿತ್ತೋ ಸಿಟ್ಟು. ನಮ್ಮಪ್ಪನ್ನ ನುಂಗ್ಕೊಂಡು ಈಗ ನನ್ನ ಹತ್ರ ಅಳತೆ ಕೇಳೋಕೆ ಬಂದಿದೀಯಾ ಅಂತ ಬೀದಿಗೆ ಕೇಳೋ ಹಂಗೆ ಅಂದೆ. ಅವನು ತಲೆ ಬಗ್ಗಿಸ್ಕೊಂಡು ಹೋದ. ಹಾಳೆ ಜಗುಲಿ ಮೇಲೇ ಇತ್ತು. ಸಂಜೆ ಅವ್ವ ಅದನ್ನ ಎತ್ತಿ ನನ್ನ ಮುಂದೆ ಇಟ್ಟಳು.

"ಓಗಿ ನೋಡ್ಕ ಬಾ," ಅಂದಳು. "ಅವ್ರು ಅಲ್ಲಿ ಏನ್ ಮಾಡ್ತಾವ್ರೆ ಅಂತ ನಮ್ಮನೆಯೋರು ಒಬ್ರಾರ ನೋಡ್ಬೇಕು."

ಹಂಗೆ ಹೋದವಳು ನಾನು, ಇವತ್ತಿಗೂ ಹೋಗ್ತಾ ಇದೀನಿ. ಅಳತೆ ಎಲ್ಲಾ ತಪ್ಪು ಹಾಕಿದ್ದ ಪುಣ್ಯಾತ್ಮ. ಲೆಕ್ಕ ಬರಲ್ಲ, ಆದರೆ ಕಬ್ಬಿಣ ಮುಟ್ಟಿ ಅದು ಎಲ್ಲಿ ಮುರಿಯುತ್ತೆ ಅಂತ ಹೇಳ್ತಾನೆ. ನಾನು ಬರೀತಿದ್ದೆ, ಅವನು ಮಾಡ್ತಿದ್ದ. ಜಗಳ ಆಡದ ಭಾನುವಾರ ಇಲ್ಲ. ಏಳು ಹೋಯ್ತು, ಎಂಟನೇದು ನಿಜವಾಗಲೂ ಹಿಡೀತು. ಟ್ರೈಲರಿನ ಮುಂದಿನ ಕಬ್ಬಿಣದ ಮೂಕಿ, ಅಂದ್ರೆ ಟ್ರಾಕ್ಟರಿಗೆ ಸಿಕ್ಕಿಸೋ ಉದ್ದನೆ ಭಾಗ, ಒಂದು ಕೊಳವೆ ಒಳಗೆ ಅಂಗೈ ಅಗಲ ಜಾರುತ್ತೆ. ಟ್ರೈಲರು ತಳ್ಳಿದಾಗ ಜಾರಿ, ಸನ್ನೆಕೋಲು ಎಳೆದು, ಚಕ್ರ ಹಿಡಿಯುತ್ತೆ. ತಳ್ಳೋದು ನಿಂತ್ರೆ ಬಿಡುತ್ತೆ. ನೋಡಿ ನನಗೇ ಮೈ ಜುಂ ಅಂತು.

ಆದರೆ ರಿವರ್ಸ್ ತಗೊಂಡಾಗಲೂ ಅದೇ ಮೂಕಿ ಜಾರಿ, ಅದೇ ಬ್ರೇಕು ಹಿಡಿಯುತ್ತೆ. ಮುಂದೆ ತಳ್ಳೋದಕ್ಕೂ ಹಿಂದೆ ತಳ್ಳೋದಕ್ಕೂ ಬ್ರೇಕಿಗೆ ವ್ಯತ್ಯಾಸ ಗೊತ್ತಾಗಲ್ಲ. ನಮ್ಮ ಹೊಲದ ಓಣಿಗಳು ಎಷ್ಟು ಇಕ್ಕಟ್ಟು ಅಂದ್ರೆ, ಖಾಲಿ ಟ್ರೈಲರನ್ನ ರಿವರ್ಸಲ್ಲೇ ಒಳಗೆ ಬಿಡ್ಬೇಕು, ತುಂಬಿಸಿ ನೇರ ಆಚೆ ಬರ್ಬೇಕು. ರಿವರ್ಸ್ ಹೋಗದ ಟ್ರೈಲರು ಯಾವನಿಗೆ ಬೇಕು. ಅದಕ್ಕೆ ಉಪಾಯ ಹೇಳಿದ್ದು ನಾನು. ಜಾರೋ ಜಾಗದ ಸಂದಿಗೆ ಒಂದು ಕಬ್ಬಿಣದ ಗೂಟ. ರಿವರ್ಸ್ ತಗೊಳೋ ಮುಂಚೆ ಸಿಕ್ಕಿಸು, ಆದ ಮೇಲೆ ಕಿತ್ತು ಬಿಡು. ಗೂಟಕ್ಕೆ ಕೆಂಪು ಬಣ್ಣ, ಕಳೆದು ಹೋಗದಂಗೆ ಮೂಕಿಗೆ ಸರಪಳಿ. ಕಿತ್ತಾಗ ಅದು ಪಕ್ಕದಲ್ಲಿ ನೇತಾಡ್ತಾ ಇರುತ್ತೆ, ದೂರದಿಂದಲೂ ಕಾಣುತ್ತೆ. ಅಳತೆ ಕೂದಲೆಳೆ ಹೆಚ್ಚು ಕಮ್ಮಿ ಇಲ್ಲದಂಗೆ ಬರೆದುಕೊಟ್ಟೆ. ಅದು ಒಂಬತ್ತನೇ ಬ್ರೇಕು. ಚಲುವಣ್ಣ ಗೂಟ ಕೈಯಲ್ಲಿ ತಿರುಗಿಸಿ ನೋಡಿ, ಕೀಳೋದು ಮರೆತ್ರೆ ಅಂದ. ಯಾವನು ಮರೀತಾನೆ, ಕಣ್ಣಿಗೆ ಹೊಡೆಯೋ ಹಂಗೆ ಕೆಂಪು ಬಳಿದಿದೀನಿ ಅಂತ ನಾನು ರೇಗಿದೆ.

ಇನ್ನು ಉಳಿದಿದ್ದು ನಿಜವಾದ ಹೊರೆ, ನಿಜವಾದ ಇಳಿಜಾರು, ನಿಜವಾದ ಡ್ರೈವರು. ನಮ್ಮ ಶಿವರಾಜು ಎದ್ದ. ನನ್ನ ತಮ್ಮ, ಇಪ್ಪತ್ತನಾಲ್ಕು ವರ್ಷ, ಸೀಸನ್ನಲ್ಲಿ ಬೇರೆಯವರ ಟ್ರಾಕ್ಟರಿಗೆ ಡ್ರೈವರು. ನಾನು ಓಡಿಸ್ತೀನಿ ಅಂದ. ಚಲುವಣ್ಣ ಮುಖ ಬಿಳುಚಿಕೊಂಡು, ನೀನೊಬ್ಬ ಬೇಡ ಕಣೋ ಅಂದ. ನಾನು ಕಾಲು ಮುರಿದು ಹಾಕ್ತೀನಿ ಅಂದೆ. ಅವನು ನಮ್ಮಿಬ್ಬರನ್ನೂ ನೋಡಿ, ಸಿಟ್ಟೂ ಮಾಡ್ಕೊಳ್ದೆ ಹೇಳಿದ.

"ಅಕ್ಕ, ಅಪ್ಪ ಓದ್ ದಾರೀಲೆ ನಾನು ದಿನಾ ಇಳೀತಾವ್ನಿ, ಬ್ರೇಕ್ ಇಲ್ದಲೆ. ಆಗ ನೀವ್ ಯಾರೂ ಬೇಡ ಅನ್ನಲಿಲ್ಲ. ಬ್ರೇಕ್ ಇರೋ ಟ್ರೈಲರ್ ಕಂಡ್ ಮ್ಯಾಲೆ ಬೇಡ ಅಂತೀರಾ?"

ನಾನು ಗೂಟ ಹೆಂಗೆ ಸಿಕ್ಕಿಸ್ಬೇಕು, ಹೆಂಗೆ ಕೀಳ್ಬೇಕು ಅಂತ ಅವನಿಗೆ ತೋರಿಸಿಕೊಟ್ಟೆ. ಹದಿನಾರು ವರ್ಷದಿಂದ ಟ್ರಾಕ್ಟರಿನ ಸದ್ದಿಗೆ ಎದ್ದು ನಿಲ್ಲೋ ಚಲುವಣ್ಣನೇ ಕೀ ತೆಗೆದು ಅವನ ಕೈಗಿಟ್ಟ.

ಹೋದ ವರ್ಷ ದೀಪಾವಳಿ ಕಳೆದ ಎರಡನೇ ಭಾನುವಾರ ಅಂತ ಗೊತ್ತಾಯ್ತು. ಅವ್ವನಿಗೆ ಹೇಳಲಿಲ್ಲ. ಅವಳು ಅವತ್ತು ಅದೇ ದಿಣ್ಣೆ ಹೊಲದಲ್ಲಿ ಕಬ್ಬು ಕಡಿಯೋ ಹೆಂಗಸರ ಜೊತೆ ಇದ್ದಳು. ಮಗ ಎಂದಿನಂಗೆ ಲೋಡಿಗೆ ಬಂದವ್ನೆ ಅಂದುಕೊಂಡಿದ್ದಳು. ಅವಳ ಮುಖ ನೋಡಿದ್ರೆ ಬಾಯಿ ಬಿಡ್ತೀನಿ ಅನ್ನೋ ಭಯಕ್ಕೆ ನಾನು ದೂರವೇ ನಿಂತಿದ್ದೆ. ಶಿವರಾಜು ಖಾಲಿ ಟ್ರೈಲರು ರಿವರ್ಸಿಗೆ ತಂದ. ಓಣಿ ಬಾಯಲ್ಲಿ ನಿಲ್ಲಿಸಿ, ಇಳಿದು, ಮೂಕಿ ಹತ್ರ ಬಗ್ಗಿ ಏನೋ ಸಿಕ್ಕಿಸಿದ, ಹತ್ತಿ ಹಿಂದಕ್ಕೆ ಬಿಟ್ಟ. ಬೆಣ್ಣೆ ಹಂಗೆ ಒಳಗೆ ಹೋಯ್ತು. ನನ್ನ ಗೂಟ ಕೆಲಸ ಮಾಡ್ತು ಅಂತ ನಾನು ಹಿಗ್ಗಿದೆ, ಚಲುವಣ್ಣನ್ನ ನೋಡಿ ಹುಬ್ಬು ಹಾರಿಸಿದೆ.

ತುಂಬೋಕೆ ನಾಲ್ಕು ಗಂಟೆ ಬೇಕು. ನಾನು, ಚಲುವಣ್ಣ ಸ್ಕೂಟಿಯಲ್ಲಿ ಇಳಿಜಾರಿನ ಬುಡಕ್ಕೆ ಬಂದು, ದಾರಿ ಉದ್ದಕ್ಕೂ ಹತ್ತು ಹತ್ತು ಅಡಿಗೆ ಸುಣ್ಣದ ಗೆರೆ ಎಳೆದೆವು. ಎಲ್ಲಿ ಹಿಡೀತು, ಎಷ್ಟು ಅಡಿಗೆ ನಿಂತಿತು ಅಂತ ಬರ್ಕೊಳೋಕೆ. ನಾಲೆಯಲ್ಲಿ ನೀರು ತುಂಬಿ ಹರೀತಿತ್ತು. ಚಲುವಣ್ಣ ಆ ಕಡೆ ತಿರುಗಿ ನೋಡಲೇ ಇಲ್ಲ. ಬುತ್ತಿ ತಂದಿದ್ದೆ, ಮುಟ್ಟಲಿಲ್ಲ. ನಾಲ್ಕು ಸಲ ಹೋಗಿ ಮೂತ್ರ ಮಾಡಿ ಬಂದ. ನಾನು ಏನಣ್ಣ, ಪರೀಕ್ಷೆ ಬರೆಯೋ ಹುಡುಗನ ಹಂಗೆ ಅಂತ ರೇಗಿಸಿದೆ, ನಗಲಿಲ್ಲ. ನಾನೂ ಅಳೆದ ಗೆರೆಗಳನ್ನೇ ಮತ್ತೆ ಅಳೆದೆ.

ಮೂರು ಗಂಟೆ ದಾಟಿತು. ಮೇಲೆ ದಿಣ್ಣೆ ನೆತ್ತಿಯಲ್ಲಿ ಹಾಡಿನ ಸದ್ದು ಕೇಳ್ತು, ಟ್ರಾಕ್ಟರಿನ ಟೇಪು. ಆಮೇಲೆ ಕಬ್ಬಿನ ಗುಡ್ಡ ಕಾಣಿಸ್ತು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಕೆಂಪು ಹುಡುಕಿದೆ. ಗೂಟ ಕಿತ್ತಿದ್ರೆ ಮೂಕಿ ಪಕ್ಕದಲ್ಲಿ ನೇತಾಡ್ಬೇಕು. ಟ್ರಾಕ್ಟರು ಸ್ವಲ್ಪ ಓರೆಯಾಗಿ ಬರ್ತಿತ್ತು, ಪಕ್ಕ ಪೂರ್ತಿ ಕಾಣ್ತಿತ್ತು. ಮೂಕಿ ಕಾಣ್ತು. ಕೆಂಪು ಇರ್ಲಿಲ್ಲ.

ಇನ್ನೊಂದು ಸಲ ನೋಡಿದೆ. ಇರ್ಲಿಲ್ಲ.

ಬೆಳಗ್ಗೆ ರಿವರ್ಸಿಗೆ ಸಿಕ್ಕಿಸಿದವನು ಕಿತ್ತಿಲ್ಲ. ನಾಲ್ಕು ಗಂಟೆ ಕಬ್ಬು ತುಂಬೋದ್ರಲ್ಲಿ, ಟೀ ಕುಡಿಯೋದ್ರಲ್ಲಿ, ಹರಟೆಯಲ್ಲಿ ಮರೆತಿದಾನೆ. ಸಂದಿಯಲ್ಲಿ ನನ್ನ ಗೂಟ ಕೂತಿದೆ. ಕಬ್ಬಿಣದ್ದು, ಅಳತೆ ತಪ್ಪದ್ದು, ಎಂಟಲ್ಲ ಹದಿನಾರು ಟನ್ ತಳ್ಳಿದ್ರೂ ಬಗ್ಗದ್ದು. ಅದು ಇರೋವರೆಗೂ ಮೂಕಿ ಜಾರಲ್ಲ, ಬ್ರೇಕು ಹಿಡಿಯಲ್ಲ. ಅಪ್ಪನ ಟ್ರೈಲರಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ.

ಅಣ್ಣ, ಗೂಟ ಅಂದೆ. ಅಷ್ಟೇ ಬಾಯಿಂದ ಬಂದದ್ದು. ಅವನಿಗೆ ಅಷ್ಟು ಸಾಕಾಯ್ತು. ಫೋನು ತೆಗೆದು ಒತ್ತಿದೆ, ರಿಂಗ್ ಆಗ್ತಾನೇ ಇತ್ತು, ಆ ಟೇಪಿನ ಅಬ್ಬರದಲ್ಲಿ ಅವನಿಗೆ ಎಲ್ಲಿ ಕೇಳ್ಬೇಕು. ಚಲುವಣ್ಣ ಟವಲು ಬೀಸ್ತಾ ದಾರಿ ಮಧ್ಯಕ್ಕೆ ಓಡಿದ. ಶಿವರಾಜು ನಮ್ಮನ್ನ ನೋಡಿ ಕೈ ಎತ್ತಿ ಬೀಸಿದ. ನಾವು ಖುಷಿಗೆ ಕುಣೀತಿದೀವಿ ಅಂದುಕೊಂಡನಂತೆ. ಟ್ರಾಕ್ಟರಿನ ಮುಂಭಾಗ ಇಳಿಜಾರಿಗೆ ಬಗ್ಗಿತು.

ಮೊದಲ ಸುಣ್ಣದ ಗೆರೆ ದಾಟಿತು. ಎರಡನೇದು ದಾಟಿತು. ಎರಡನೇ ಗೆರೆ ಒಳಗೆ ಹಿಡೀಬೇಕಿತ್ತು. ಮೂರು ದಾಟಿತು. ಶಿವರಾಜುವಿನ ಮುಖ ಬದಲಾಗಿದ್ದು ಅಷ್ಟು ದೂರದಿಂದ ನನಗೆ ಕಾಣ್ತು. ಸೀಟಿಂದ ಎದ್ದು ನಿಂತು ಬ್ರೇಕ್ ತುಳೀತಿದ್ದ. ಹಿಂದೆ ಕಬ್ಬಿನ ಗುಡ್ಡ ತೂಗಾಡ್ತಾ ಅವನ ಮೈಮೇಲೆ ಬರೋ ಹಂಗೆ ಇತ್ತು.

ಚಲುವಣ್ಣ ದಾರಿ ಬಿಡಲಿಲ್ಲ. ನಾಲೆಗೆ ಬೆನ್ನು ಕೊಟ್ಟು, ತಿರುವಿನಲ್ಲಿ, ಎರಡೂ ಕೈ ಅಗಲಿಸಿ ನಿಂತುಬಿಟ್ಟ. ಎಂಟು ಟನ್ ಕಬ್ಬನ್ನ ಎದೆ ಕೊಟ್ಟು ನಿಲ್ಲಿಸ್ತಾನಂತೆ ಪೆದ್ದ. ಆ ಗಳಿಗೆಯಲ್ಲೂ ನನಗೆ ಅವನ ಮೇಲೆ ಸಿಟ್ಟು ಬಂತು. ಪಕ್ಕಕ್ಕೆ ಬಾ ಅಂತ ಶಿವರಾಜು ಕೈ ಬೀಸ್ತಿದ್ದ. ಅವನು ಕದಲಲಿಲ್ಲ.

ಐದನೇ ಗೆರೆ ಹತ್ರ ಲಟಕ್ ಅಂತ ಒಂದು ಸದ್ದು ಬಂತು. ಟ್ರೈಲರಿನ ಚಕ್ರ ಕಿರ್ರ್ ಅಂತ ಕಚ್ಚಿಕೊಂಡು, ಮಣ್ಣು ಕೆತ್ಕೊಂಡು, ಧೂಳಲ್ಲಿ ಏನೂ ಕಾಣದಂಗಾಯ್ತು. ಮೇಲಿಂದ ಒಂದಷ್ಟು ಜಲ್ಲೆ ಉದುರಿದವು. ಧೂಳು ಇಳಿದಾಗ ಟ್ರಾಕ್ಟರು ನಿಂತಿತ್ತು. ಚಲುವಣ್ಣನಿಗೂ ಅದಕ್ಕೂ ಮಧ್ಯೆ ಎರಡು ಮಾರು ಜಾಗ ಇತ್ತು. ಟೇಪು ಇನ್ನೂ ಹಾಡ್ತಾನೇ ಇತ್ತು.

ನಾನು ಓಡಿ ಹೋಗಿ ಮೊದಲು ಶಿವರಾಜುವಿನ ಕೆನ್ನೆಗೆ ಬಾರಿಸಿದೆ, ಆಮೇಲೆ ತಬ್ಬಿಕೊಂಡೆ. ಗೂಟ ಯಾಕೋ ಕೀಳಲಿಲ್ಲ ಅಂದ್ರೆ, ಅವನು, ಯಾವ್ ಗೂಟ ಅಕ್ಕ ಅಂತಾನೆ. ಬೆಳಗ್ಗೆ ಹೊಲಕ್ಕೆ ಬರೋವಾಗ ಸರಪಳಿ ಕಡಿದ ಕಬ್ಬಿನ ಒಂದು ಕೂಳೆಗೆ ಸಿಕ್ಕಿ ಕಿತ್ತು ಹೋಗಿತ್ತಂತೆ, ಗೂಟ ತರಗಿನೊಳಗೆ ಎಲ್ಲಿ ಬಿತ್ತೋ ಸಿಗಲಿಲ್ಲವಂತೆ. ಹೇಳಿದ್ರೆ ನಾನು ಬೈತೀನಿ ಅಂತ, ಅಲ್ಲೇ ಬಿದ್ದಿದ್ದ ಒಂದು ಕಬ್ಬಿನ ತುಂಡು ಮುರಿದು ಸಂದಿಗೆ ತುರುಕಿ ರಿವರ್ಸ್ ತಗೊಂಡ. ಅದನ್ನ ಕೀಳೋದು ಮರೆತ.

ಬಗ್ಗಿ ನೋಡಿದೆ. ಸಂದಿಯಲ್ಲಿ ಕಬ್ಬಿನ ತುಂಡು ಗಾಣಕ್ಕೆ ಕೊಟ್ಟಂಗೆ ಅಪ್ಪಚ್ಚಿಯಾಗಿ, ರಸ ಸೋರಿ ಮೂಕಿಯಿಂದ ತೊಟ್ಟಿಕ್ಕುತ್ತಿತ್ತು. ಖಾಲಿ ಟ್ರೈಲರು ಹಿಂದೆ ತಳ್ಳೋವಷ್ಟಕ್ಕೆ ಅದು ತಡೆದಿತ್ತು, ಎಂಟು ಟನ್ ಇಳಿಜಾರಲ್ಲಿ ತಳ್ಳಿದಾಗ ತಡೀಲಿಲ್ಲ. ಒಡೆದು ದಾರಿ ಬಿಟ್ಟಿತ್ತು, ಮೂಕಿ ಜಾರಿತ್ತು, ಬ್ರೇಕು ಹಿಡಿದಿತ್ತು. ಅಲ್ಲಿ ನನ್ನ ಗೂಟ ಇದ್ದಿದ್ರೆ ಹಿಡೀತಿರ್ಲಿಲ್ಲ. ಕೂದಲೆಳೆ ಬಿಡದ ನಾಗಶ್ರೀ ಅಳತೆ ಮಾಡಿ ಕೊಟ್ಟ ಗೂಟ, ನನ್ನ ತಮ್ಮನ್ನ ನಾಲೆಗೆ ಹಾಕ್ತಿತ್ತು. ನಾನು ಅಲ್ಲೇ ಚಕ್ರಕ್ಕೆ ಒರಗಿ ಅತ್ತೆ. ಆಮೇಲೆ ಹತ್ತನೇ ಬ್ರೇಕಿನ ಚಿತ್ರದಲ್ಲಿ ಆ ಜಾಗಕ್ಕೆ ಕಬ್ಬಿಣ ಅಳಿಸಿ, ಕಬ್ಬಿನ ತುಂಡು, ಒಂದು ಗೇಣು, ಪ್ರತಿ ಸಲ ಹೊಸದು ಅಂತ ಬರೆದೆ. ಅದು ಸಿಗದ ಹೊಲ ನಮ್ಮ ಕಡೆ ಇಲ್ಲ.

ಚಲುವಣ್ಣ ಇನ್ನೂ ತಿರುವಿನಲ್ಲೇ ಇದ್ದ. ಕೈ ಇಳಿಸಿದ್ದ, ಮಣ್ಣಲ್ಲಿ ಕೂತಿದ್ದ. ಬ್ರೇಕು ಗೆದ್ದಿದೆ ಅನ್ನೋದು ಅವನ ತಲೆಗೆ ಹೋಗಿರ್ಲಿಲ್ಲ. ಮೇಲಿಂದ ಹೆಂಗಸರು ಓಡಿ ಬರ್ತಿದ್ರು, ಅವ್ವ ಮುಂದೆ ಇದ್ದಳು, ಕೈಯಲ್ಲಿ ಕುಡುಗೋಲು ಹಂಗೇ ಇತ್ತು. ದಿಣ್ಣೆ ನೆತ್ತಿಯಿಂದ ಎಲ್ಲಾ ನೋಡಿದ್ದಳು. ಶಿವರಾಜುವಿನ ತಲೆ, ಭುಜ, ಎದೆ ಮುಟ್ಟಿ ನೋಡಿದಳು. ನನ್ನನ್ನ ಒಂದು ನೋಟ ನೋಡಿದಳು, ಅದರಲ್ಲೇ ಎಲ್ಲಾ ಬೈಗುಳ ಇತ್ತು. ಆಮೇಲೆ ಹೋಗಿ ಚಲುವಣ್ಣನ ಮುಂದೆ ನಿಂತಳು.

"ಯಾಕೆ ಆ ಕಡೀಕೆ ಓಗ್ಲಿಲ್ಲ ನೀವು?" ಅಂದಳು.

ಅವನು ಶಿವರಾಜುವಿನ ಕಡೆ ನೋಡಿದ.

"ಒಂದ್ ಮಾತ್ ಕೇಳ್ತೀನಿ, ನಿಜ ಏಳಿ. ಅವತ್ತು ನೀವ್ ಟ್ರಾಕ್ಟ್ರಿಂದ ಆರೋಕ್ ಮುಂಚೆ ನಮ್ಮನೆಯೋರು ಏನಾರ ಅಂದ್ರಾ?"

ಹದಿನಾರು ವರ್ಷ ಹೊಸ್ತಿಲ ಒಳಗೆ ಇಟ್ಕೊಂಡಿದ್ದ ಮಾತು ಅದು, ನನಗೆ ಆಗ ಗೊತ್ತಾಯ್ತು. ಚಲುವಣ್ಣ ಕೈಯಲ್ಲಿದ್ದ ಟವಲು ಮಡಚಿ ತೊಡೆ ಮೇಲೆ ಇಟ್ಕೊಂಡ.

"ನಂಗೆ ಆರ್ಬೇಕು ಅಂತಾನೂ ಗೊತ್ತಾಗ್ಲಿಲ್ಲ ಕಣಕ್ಕ," ಅಂದ. "ಸ್ಟೇರಿಂಗ್ ಬುಡ್ದಲೆ, ಇನ್ನೊಂದ್ ಕೈಲಿ ನನ್ನ ನೂಕುದ್ರು. ಯಾವಾಗ್ಲೂ ಬುದ್ಧಿ ಅಂತಿದ್ದೋರು, ಅವತ್ತು 'ಆರ್ಲಾ ಮಗ' ಅಂದ್ರು."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನಾನು ಕೇಳಿದೆ. ಹೇಳಿದ್ರೆ ನನ್ನ ತಪ್ಪು ಕಮ್ಮಿ ಮಾಡ್ಕೊಂಡಂಗೆ ಆಗ್ತಿತ್ತು ಅಂದ. ಲೋಡು ಇಳಿಸೋಣ ಅಂದಾಗ ಬೇಡ ಅಂದವನು ನಾನೇ ಅಲ್ಲವಾ ಅಂದ. ಅವ್ವ ಕಣ್ಣು ಒರೆಸ್ಕೊಳ್ಳಲಿಲ್ಲ, ನೀರು ಹಂಗೇ ಇಳೀತಿತ್ತು. ಅಂದಿರ್ತಾರೆ, ಅವ್ರು ಅಂಗೇ, ಅಂತ ತನಗೇ ಹೇಳ್ಕೊಂಡಳು. ಕುಡುಗೋಲು ನನ್ನ ಕೈಗೆ ಕೊಟ್ಟು ಅವನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಮನೆವರೆಗೂ ಬಿಡಲಿಲ್ಲ ಆ ರಟ್ಟೆ. ಬೀದಿ ಜನ ಎಲ್ಲಾ ಬಾಗಿಲಿಗೆ ಬಂದು ನೋಡಿದ್ರು. ಹೊಸ್ತಿಲ ಹತ್ರ ಅವನು ಹಳೇ ಜಾಗದಲ್ಲಿ ನಿಂತ. ಅವ್ವ ಒಳಗೆ ಹೋಗಿ ಚಾಪೆ ಹಾಸಿ, ಯಾಕೆ ನಿಂತ್ರಿ ಅಂದಳು. ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ತಿಳೀದೆ ಒದ್ದಾಡಿ, ಕೊನೆಗೆ ಕೈಯಲ್ಲಿ ಹಿಡ್ಕೊಂಡೇ ಒಳಗೆ ಬಂದ. ಅವ್ವ ಮುದ್ದೆ ಮಾಡಿ, ಹುರುಳಿ ಬಸ್ಸಾರು ಕಾಯಿಸಿ, ತಟ್ಟೆ ಇಟ್ಟಳು. ಬೆಳಗ್ಗೆಯಿಂದ ಏನೂ ತಿಂದಿರ್ಲಿಲ್ಲ, ಮೊದಲ ತುತ್ತು ದೊಡ್ಡದಾಗೇ ಮುರಿದ.

ಎರಡು ತುತ್ತು ಆಗಿರ್ಬೇಕು. ದೂರದಲ್ಲಿ, ದಿಣ್ಣೆ ಕಡೆ, ಬೇರೆ ಯಾರದೋ ಟ್ರಾಕ್ಟರು ಹೊರೆ ಹೊತ್ತು ಇಳಿಯೋ ಸದ್ದು ಬಂತು. ಚಲುವಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಒಂದು ಮಂಡಿ ಊರಿ ಅರ್ಧ ಎದ್ದ. ಅವ್ವ ಒಲೆ ಮುಂದಿಂದ ಬಂದು ಅವನ ಭುಜದ ಮೇಲೆ ಕೈ ಇಟ್ಟು ಒತ್ತಿದಳು.

"ಕೂತ್ಕಳ್ಲಾ ಮಗ," ಅಂದಳು. "ನಾನ್ ಕೇಳ್ತೀನಿ, ನೀನ್ ಉಣ್ಣು."

ಅವ್ವ ಹೋಗಿ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಟ್ರಾಕ್ಟರು ಇಳಿದು ಸಮಕ್ಕೆ ಬಂದು ಗೇರು ಬದಲಾಯಿಸಿತು. ಅವನು ಕೂತಿದ್ದ. ಸಾರು ಇನ್ನೂ ಬಿಸಿ ಇತ್ತು.